ಕಪ್ಪು ಸೋಯಾ ಉಳಿಸಿದ ಬೆಳೆ

ಭೌತವಿಜ್ಞಾನದಲ್ಲಿ ಒಂದು ಎಲೆಕ್ಟ್ರಾನಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಒಂದರ ಗುಣ ತಿಳಿದರೆ ಎಲ್ಲದರ ಗುಣ ತಿಳಿದಂತೆ. ಬೀಜಗಳ ವಿಷಯ ಹಾಗಲ್ಲ. ನೋಡಲು ಒಂದೇ ತೆರನಾದ ಎರಡು ಸೋಯಾ ಅವರೆ ಕಾಳುಗಳಲ್ಲಿ ಒಂದರಿಂದ ಬೆಳೆದ ಗಿಡ ರೋಗಕ್ಕೆ ಬಲಿಯಾಗಬಹುದು, ಇನ್ನೊಂದರದು ತಡೆದು ನಿಲ್ಲಬಹುದು. ಈ ಆನುವಂಶಿಕ ವೈವಿಧ್ಯವೇ ಇಳುವರಿಯನ್ನು ಹೆಚ್ಚಿಸಲು, ಬಂದ ಇಳುವರಿಯನ್ನು ಉಳಿಸಿಕೊಳ್ಳಲು ತಳಿತಜ್ಞರ ಬಳಿ ಇರುವ ಮೂಲಧನ. ಅದು ಹೇಗೆ ಕೂಡಿತು, ಹೇಗೆ ಸೋರಿಹೋಯಿತು, ಉಳಿದದ್ದು ಹೇಗೆ ಕೆಲಸಕ್ಕೆ ಬಂತು ಎಂಬುದಕ್ಕೆ ಸೋಯಾ ಅವರೆಯ ಇತಿಹಾಸ ಒಳ್ಳೆಯ ನಿದರ್ಶನ.

ಕೂಡಿದ್ದು, ಕಳೆದದ್ದು

ಸೋಯಾ ಅವರೆಯ ತವರು ಚೀನಾ. ಅಲ್ಲಿನ ರೈತರು ಸಾವಿರಾರು ವರ್ಷಗಳ ಹಿಂದೆ ಗ್ಲೈಸಿನ್ ಸೋಜಾ ಎಂಬ ಕಾಡುಬಳ್ಳಿಯಿಂದ ಇಂದಿನ ಬೆಳೆಯಾದ ಗ್ಲೈಸಿನ್ ಮ್ಯಾಕ್ಸ್ ಅನ್ನು ರೂಪಿಸಿದರು. ಬೇಕಾದ ಗಿಡಗಳನ್ನಷ್ಟೇ ಆರಿಸಿ ಬಿತ್ತುತ್ತ ಬಂದಾಗ ಬೇರೆ ಅನೇಕ ಗುಣಗಳು ಹೊರಗುಳಿದವು. ಕಾಡು ಸೋಯಾದಲ್ಲಿದ್ದ ವೈವಿಧ್ಯದ ಸುಮಾರು ಅರ್ಧದಷ್ಟು ಹೀಗೆ ನಷ್ಟವಾಯಿತೆಂದು 2006ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತಿಳಿಸಿತು.

ಎರಡನೆಯ ಸೋರಿಕೆ ನಡೆದದ್ದು ಅಮೆರಿಕದಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಕೃಷಿ ಇಲಾಖೆ ಹೊಸ ಬೀಜಗಳನ್ನು ಅರಸಿ ಪೂರ್ವ ಏಷ್ಯಾಕ್ಕೆ ಅನ್ವೇಷಕರನ್ನು ಕಳುಹಿಸತೊಡಗಿತು. 1929ರಿಂದ 1931ರವರೆಗೆ ಡಾರ್ಸೆಟ್ ಮತ್ತು ಮೋರ್ಸ್ ಎಂಬಿಬ್ಬರು ಜಪಾನ್, ಕೊರಿಯಾ, ಚೀನಾಗಳಲ್ಲಿ ಸುತ್ತಾಡಿ ಸುಮಾರು 4,500 ಸೋಯಾ ಮಾದರಿಗಳನ್ನು ಕಲೆಹಾಕಿದರು. ಆದರೆ ಇವನ್ನು ಕಾಪಿಡುವ ಶಾಶ್ವತ ವ್ಯವಸ್ಥೆ ಆಗ ಇರಲಿಲ್ಲ. ತಕ್ಷಣಕ್ಕೆ ಉಪಯೋಗ ಕಾಣದ ಬೀಜಗಳನ್ನು ಮತ್ತೆ ಬಿತ್ತಿ ನವೀಕರಿಸಲಿಲ್ಲ. ಸೋಯಾ ತಳಿಸಂಗ್ರಹಕ್ಕೆ ವ್ಯವಸ್ಥಿತ ನೆಲೆ ದೊರೆತದ್ದು 1949ರಲ್ಲಿ. ಅಷ್ಟರಲ್ಲಿ ಆ ಮಾದರಿಗಳಲ್ಲಿ ಬಹುಪಾಲು ಕೈತಪ್ಪಿದ್ದವು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಿ. 1947ರಿಂದ 1988ರವರೆಗೆ ಉತ್ತರ ಅಮೆರಿಕದಲ್ಲಿ ಬಿಡುಗಡೆಯಾದ 258 ಸಾರ್ವಜನಿಕ ತಳಿಗಳ ವಂಶಾವಳಿಯನ್ನು 1994ರಲ್ಲಿ ವಿಶ್ಲೇಷಿಸಲಾಯಿತು. ಅವುಗಳ ಆನುವಂಶಿಕ ಸಂಪತ್ತಿನ ಶೇಕಡಾ 95 ಭಾಗ ಕೇವಲ 35 ಪೂರ್ವಜ ತಳಿಗಳಿಂದ ಬಂದಿತ್ತು!

ಬೇರಿನಲ್ಲಿ ಅಡಗಿದ ಶತ್ರು

1954ರಲ್ಲಿ ಉತ್ತರ ಕೆರೊಲಿನಾದ ಸೋಯಾ ಹೊಲಗಳಲ್ಲಿ ಒಂದು ಜಂತುಹುಳು ಪತ್ತೆಯಾಯಿತು. ಇದು ಬೇರನ್ನು ಹೊಕ್ಕು ಗಿಡದ ಆಹಾರವನ್ನು ಹೀರುತ್ತದೆ. ಹೆಣ್ಣು ಹುಳು ಸತ್ತ ಮೇಲೂ ಅದರ ದೇಹ ಗಟ್ಟಿ ಕೋಶವಾಗಿ ಮಾರ್ಪಟ್ಟು, ಒಳಗಿನ ಮೊಟ್ಟೆಗಳನ್ನು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಒಮ್ಮೆ ಹೊಲಕ್ಕೆ ಬಂದರೆ ಇದನ್ನು ಪೂರ್ತಿ ನಿರ್ಮೂಲ ಮಾಡುವುದು ಸಾಧ್ಯವಿಲ್ಲವೆನ್ನುವಷ್ಟು ಕಷ್ಟ.

ವಿಜ್ಞಾನಿಗಳಾದ ರಾಸ್ ಮತ್ತು ಬ್ರಿಮ್ ಸಂಗ್ರಹದಲ್ಲಿದ್ದ ತಳಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1957ರಲ್ಲಿ ಅವರ ವರದಿ ಬಂತು. ಹುಳುವನ್ನು ತಡೆದು ನಿಂತ ಬೆರಳೆಣಿಕೆಯ ತಳಿಗಳಲ್ಲಿ 'ಪೆಕಿಂಗ್' ಒಂದು. 1906ರಲ್ಲಿ ಚೀನಾದಿಂದ ಬಂದ ಇದರದು ಸಣ್ಣ ಕಪ್ಪು ಕಾಳು. ಎಣ್ಣೆ ಗಿರಣಿಯವರಿಗೆ ಬೇಕಾದದ್ದು ಹಳದಿ ಕಾಳು.

ಹಾಗಾದರೆ ಹಳದಿ ತಳಿಯೊಂದಿಗೆ ಸಂಕರ ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ಕೆಲಸ ಅಷ್ಟು ಸುಲಭವಾಗಿರಲಿಲ್ಲ. ಪೆಕಿಂಗ್‌ನ ನಿರೋಧಕ ಗುಣಕ್ಕೆ ಮೂರು ಅಪ್ರಬಲ ಜೀನುಗಳು ಕಾರಣವೆಂದು 1960ರಲ್ಲಿ ತಿಳಿಯಿತು. 1965ರಲ್ಲಿ ನಾಲ್ಕನೆಯದೊಂದು ಪ್ರಬಲ ಜೀನು ಸಿಕ್ಕಿತು. ಅದಿದ್ದದ್ದು ಕಾಳಿನ ಬಣ್ಣವನ್ನು ನಿರ್ಧರಿಸುವ ಜೀನಿನ ಪಕ್ಕದಲ್ಲೇ! ಒಂದೇ ವರ್ಣತಂತುವಿನಲ್ಲಿ ಒತ್ತಾಗಿರುವ ಜೀನುಗಳು ಸಾಮಾನ್ಯವಾಗಿ ಒಟ್ಟಿಗೇ ಸಾಗುತ್ತವೆ. ಹೀಗಾಗಿ ಹಳದಿ ಕಾಳನ್ನು ಆರಿಸಿದಾಗಲೆಲ್ಲ ನಿರೋಧಕತೆ ಕೈಬಿಡುತ್ತಿತ್ತು. ಇವೆರಡೂ ಬೇರ್ಪಟ್ಟ ಅಪರೂಪದ ಗಿಡಗಳನ್ನು ಹುಡುಕಿ, ಮತ್ತೆ ಮತ್ತೆ ಸಂಕರ ಮಾಡಿ, 1966ರ ಹೊತ್ತಿಗೆ 'ಪಿಕೆಟ್' ಎಂಬ ನಿರೋಧಕ ತಳಿಯನ್ನು ರೈತರಿಗೆ ನೀಡಲಾಯಿತು.

ಮುಂದೆ ಹುಳುಗಳಲ್ಲೇ ಪೆಕಿಂಗ್‌ನ ತಡೆಯನ್ನು ಮೀರುವ ಬಗೆಗಳು ಕಂಡವು. ಆಗ ನೆರವಿಗೆ ಬಂದದ್ದು ಚೀನಾದ್ದೇ ಇನ್ನೊಂದು ಕಪ್ಪು ಸೋಯಾ, 'ಪಿಐ 88788'. ಇದರ ರಹಸ್ಯ ಬಯಲಾದದ್ದು 2012ರಲ್ಲಿ. ಸಾಮಾನ್ಯ ಸೋಯಾದಲ್ಲಿ ಒಂದೇ ಪ್ರತಿಯಿರುವ, ಸುಮಾರು 31,000 ಕ್ಷಾರಜೋಡಿಗಳ ಡಿಎನ್‌ಎ ತುಣುಕೊಂದು ಇದರಲ್ಲಿ ಹತ್ತು ಸಲ ಪುನರಾವರ್ತನೆಯಾಗಿದೆ. ಪೆಕಿಂಗ್‌ನಲ್ಲಿ ಇರುವುದು ಮೂರು ಪ್ರತಿ. ಅದಕ್ಕೆ ಮೇಲೆ ಹೇಳಿದ ನಾಲ್ಕನೆಯ ಜೀನಿನ ಆಸರೆಯೂ ಬೇಕು. ಗುಣ ನಿಂತಿರುವುದು ಜೀನು ಇದೆಯೇ ಇಲ್ಲವೇ ಎಂಬುದರ ಮೇಲಷ್ಟೇ ಅಲ್ಲ, ಎಷ್ಟು ಪ್ರತಿಗಳಿವೆ ಎಂಬುದರ ಮೇಲೂ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇತಿಹಾಸ ಇಲ್ಲಿಗೇ ಮುಗಿಯಲಿಲ್ಲ. ಅಮೆರಿಕದ ಬಹುಪಾಲು ನಿರೋಧಕ ತಳಿಗಳು ಪಿಐ 88788 ಒಂದನ್ನೇ ನೆಚ್ಚಿಕೊಂಡವು. ದಶಕಗಳ ಕಾಲ ಒಂದೇ ಬೀಗವನ್ನು ಎದುರಿಸಿದ ಹುಳು ಅದಕ್ಕೂ ಕೀಲಿಕೈ ಕಂಡುಕೊಳ್ಳುತ್ತಿದೆ.

ನಮ್ಮ ಹೊಲಗಳಲ್ಲಿ

ಒಂದೇ ತಳಿಯನ್ನು ನೆಚ್ಚುವ ಅಪಾಯ ನಮಗೂ ಹೊಸದಲ್ಲ. ಜಬಲ್‌ಪುರದಲ್ಲಿ ರೂಪುಗೊಂಡು 1994ರಲ್ಲಿ ಬಿಡುಗಡೆಯಾದ ಜೆಎಸ್-335 ತಳಿ ಮಧ್ಯ ಭಾರತದಿಂದ ಉತ್ತರ ಕರ್ನಾಟಕದವರೆಗೆ ಹರಡಿತು. ಇಳುವರಿ ಚೆನ್ನಾಗಿದ್ದರೂ ತುಕ್ಕು ರೋಗವನ್ನು ತಾಳಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಬೆಳಗಾವಿ, ಧಾರವಾಡ ಭಾಗದ ರೈತರು ನಷ್ಟ ಕಂಡರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರು ಜೆಎಸ್-335ನ್ನು ವಿದೇಶಿ ಮೂಲದ ಮಾದರಿಯೊಂದರೊಂದಿಗೆ ಸಂಕರಿಸಿ, ತುಕ್ಕು ನಿರೋಧಕವಾದ ಡಿಎಸ್‌ಬಿ-21 ತಳಿಯನ್ನು ಪಡೆದರು. ಇಲ್ಲಿಯೂ ನೆರವಾದದ್ದು ಸಂಗ್ರಹದಲ್ಲಿ ಬರೀ ಸಂಖ್ಯೆಯಾಗಿದ್ದ ಒಂದು ಬೀಜವೇ.

ಪೆಕಿಂಗ್ ಅಮೆರಿಕ ತಲುಪಿದ 1906ರಲ್ಲಿ, ಅರ್ಧ ಶತಮಾನದ ಬಳಿಕ ಅದು ಯಾವ ಹುಳುವಿನಿಂದ ಬೆಳೆಯನ್ನು ಕಾಯುವುದೆಂದು ಯಾರೂ ಊಹಿಸಿರಲಿಲ್ಲ. ಆದುದರಿಂದ ತಳಿಸಂಗ್ರಹದ ಬೆಲೆಯನ್ನು ಇಂದಿನ ಉಪಯೋಗದಿಂದ ಅಳೆಯಲಾಗದು. ಬೀಜ ಜೀವಂತ ವಸ್ತು. ಕಾಲಕಾಲಕ್ಕೆ ಬಿತ್ತಿ ನವೀಕರಿಸದಿದ್ದರೆ ಸಾಯುತ್ತದೆ. ಕಳೆದುಹೋದ ಆ ಸಾವಿರಾರು ಮಾದರಿಗಳಲ್ಲಿ ಯಾವ ರೋಗಕ್ಕೆ ಉತ್ತರವಿತ್ತೋ, ಇನ್ನು ತಿಳಿಯುವ ಮಾರ್ಗವಿಲ್ಲ. ಉಳಿದಿರುವುದನ್ನು ಕಾಪಾಡುವುದು ಮಾತ್ರ ನಮ್ಮ ಕೈಯಲ್ಲಿದೆ.