ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯ ನಂತರದ ಆಹಾರಾಭ್ಯಾಸ

ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯ ನಂತರದ ಆಹಾರಾಭ್ಯಾಸ ಎಂಬುದು, ಅತಿಬೊಜ್ಜಿನ ನಿವಾರಣೆಗಾಗಿ ಜಠರವನ್ನು ಕಿರಿದುಗೊಳಿಸಿದ ಅಥವಾ ಕರುಳಿನ ಮಾರ್ಗವನ್ನು ಬದಲಿಸಿದ ಬಳಿಕ ವ್ಯಕ್ತಿಯ ಊಟದ ಪ್ರಮಾಣ, ಉಣ್ಣುವ ರೀತಿ, ರುಚಿ, ಹಸಿವು ಮತ್ತು ತಿನ್ನುವ ಚಪಲಗಳಲ್ಲಿ ಉಂಟಾಗುವ ಬದಲಾವಣೆಗಳನ್ನು ಸೂಚಿಸುತ್ತದೆ. ಈ ಶಸ್ತ್ರಚಿಕಿತ್ಸೆಗೆ ವೈದ್ಯಕೀಯದಲ್ಲಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂಬ ಹೆಸರಿದೆ. ಗ್ರೀಕ್ ಭಾಷೆಯ 'ಬಾರೊಸ್' ಎಂದರೆ ತೂಕ. ಕನ್ನಡದ ಕಿವಿಗೆ ಅದು 'ಭಾರ' ಎಂದು ಕೇಳಿಸಿದರೂ, ಭಾಷಾಶಾಸ್ತ್ರದ ಪ್ರಕಾರ ಅದರ ನಂಟು ಇರುವುದು ಸಂಸ್ಕೃತದ 'ಗುರು' (ತೂಕವುಳ್ಳದ್ದು) ಎಂಬ ಪದದೊಡನೆ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಈ ವರ್ಗಕ್ಕೆ ಸೇರುವುದಿಲ್ಲ. ಅದು ಜಠರವನ್ನು ಮುಟ್ಟುವುದೇ ಇಲ್ಲ.

ಕನ್ನಡದಲ್ಲಿ ಹಸಿವು ಬೇರೆ, ಬಾಯಿಚಪಲ ಬೇರೆ. ಮೊದಲನೆಯದು ಹೊಟ್ಟೆಗೆ ಸಂಬಂಧಿಸಿದ್ದು, ಎರಡನೆಯದು ನಾಲಿಗೆಗೂ ಮನಸ್ಸಿಗೂ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆಯ ನಂತರ ಇವೆರಡೂ ಬದಲಾಗುತ್ತವೆಯಾದರೂ ಒಂದೇ ವೇಗದಲ್ಲಿ ಅಥವಾ ಒಂದೇ ಅವಧಿಗೆ ಬದಲಾಗುವುದಿಲ್ಲ. ಇದನ್ನು ಮೊದಲೇ ತಿಳಿಯದ ರೋಗಿಗಳು, ತಿಂಗಳುಗಳ ನಂತರ ಚಪಲ ಮರುಕಳಿಸಿದಾಗ ಚಿಕಿತ್ಸೆ ವಿಫಲವಾಯಿತೆಂದೋ ತಮ್ಮ ಮನೋಬಲವೇ ಸಾಲದೆಂದೋ ಭಾವಿಸಿ ವೈದ್ಯರ ಬಳಿಗೆ ಹೋಗುವುದನ್ನೇ ನಿಲ್ಲಿಸುವುದುಂಟು.

ಹಿನ್ನೆಲೆ

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಅವರು 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ವಿಧಾನವನ್ನು ಆರಂಭಿಸಿದರು. ಜಠರದ ಹುಣ್ಣಿನ ಕಾರಣದಿಂದ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈತುಂಬಿಕೊಳ್ಳದೆ ತೆಳ್ಳಗೇ ಉಳಿಯುತ್ತಾರೆಂಬ ಗಮನಿಕೆಯೇ ಇದಕ್ಕೆ ಪ್ರೇರಣೆ. ಇಂದು ರೂಢಿಯಲ್ಲಿರುವ ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ರಚಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ಕರುಳಿನ ಈ ಜೋಡಣೆ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿರುವುದರಿಂದ, ಇದನ್ನು ಬಳಕೆಗೆ ತಂದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಸೆಸಾರ್ ರೂ ಅವರ ಹೆಸರಿನೊಂದಿಗೆ 'ರೂ-ಆನ್-ವೈ' ಎನ್ನುತ್ತಾರೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಗಿಯ ತೋಳಿನಂತೆ ನೀಳವಾದ ಕೊಳವೆಯಾಗಿಸುತ್ತಾರೆ.

ದೇಹತೂಕ ಸೂಚ್ಯಂಕವು 40ನ್ನು ಮೀರಿದವರಿಗೆ, ಅಥವಾ 35ನ್ನು ಮೀರಿ ಮಧುಮೇಹದಂತಹ ಕಾಯಿಲೆಗಳೂ ಇರುವವರಿಗೆ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು 1991ರಲ್ಲಿ ಅಮೆರಿಕದಲ್ಲಿ ನಿಯಮ ರೂಪುಗೊಂಡಿತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಮಿತಿಯನ್ನು ಇಳಿಸಿದ್ದು, ಏಷ್ಯಾದ ಜನರಿಗೆ 27.5ರಿಂದಲೇ ಚಿಕಿತ್ಸೆಯನ್ನು ಒದಗಿಸಬಹುದೆಂದು ಹೇಳುತ್ತದೆ.

ಮೊದಲ ವಾರಗಳು

ಶಸ್ತ್ರಚಿಕಿತ್ಸೆಯ ಮರುದಿನಗಳಲ್ಲಿ ನೀರು, ತಿಳಿಸಾರು, ಬೇಳೆಯ ಕಟ್ಟಿನಂತಹ ತಿಳಿ ದ್ರವಗಳನ್ನು ಮಾತ್ರ ಗುಟುಕು ಗುಟುಕಾಗಿ ಕೊಡಲಾಗುತ್ತದೆ. ಅನಂತರ ಹಾಲು, ಮಜ್ಜಿಗೆ, ತೆಳುವಾದ ಗಂಜಿ. ಆಮೇಲೆ ನುಣ್ಣಗೆ ಅರೆದ ಆಹಾರ. ಅದರ ಬಳಿಕ ಮೆತ್ತನೆಯ ಆಹಾರ. ಸಾಮಾನ್ಯ ಊಟಕ್ಕೆ ಮರಳಲು ಆರರಿಂದ ಎಂಟು ವಾರಗಳು ಹಿಡಿಯುತ್ತವೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಕ್ರಮ ಸ್ವಲ್ಪ ಬೇರೆಯಾಗಬಹುದು.

ಈ ಅವಧಿಯಲ್ಲಿ ಕಲಿಯಬೇಕಾದದ್ದು ಏನು ತಿನ್ನಬೇಕೆಂಬುದಕ್ಕಿಂತ ಹೇಗೆ ತಿನ್ನಬೇಕೆಂಬುದು. ತುತ್ತು ಚಿಕ್ಕದಾಗಿರಬೇಕು, ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಬಾರಿ ಅಗಿಯಬೇಕು, ಊಟದ ನಡುವೆ ನೀರು ಕುಡಿಯದೆ, ಊಟವಾದ ಅರ್ಧ ಗಂಟೆಯ ನಂತರ ಕುಡಿಯಬೇಕು. ಸಾಕೆನಿಸಿದ ಮೇಲೆ ಇನ್ನೊಂದು ತುತ್ತು ಇಳಿಸಿದರೂ ಎದೆ ಒತ್ತಿದಂತಾಗಿ ವಾಂತಿಯಾಗುತ್ತದೆ. ಹಲವು ದಶಕಗಳ ಕಾಲ ತಟ್ಟೆ ಖಾಲಿಯಾಗುವುದೇ ಊಟ ಮುಗಿದುದರ ಗುರುತಾಗಿದ್ದವರಿಗೆ ಇದು ಸುಲಭದ ಪಾಠವಲ್ಲ.

ಹಸಿವು ತಗ್ಗುವ ಬಗೆ

ಜಠರ ಚಿಕ್ಕದಾದ್ದರಿಂದಲೇ ಹಸಿವು ಕಡಿಮೆಯಾಗುತ್ತದೆ ಎಂಬುದು ಹಳೆಯ ವಿವರಣೆ. ಅದು ಅರ್ಧ ಸತ್ಯ ಮಾತ್ರ. ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅವರ ತಂಡ 1999ರಲ್ಲಿ ಇಲಿಯ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿತು. ಊಟಕ್ಕೆ ಮುಂಚೆ ರಕ್ತದಲ್ಲಿ ಏರಿ, ಊಟವಾದೊಡನೆ ಇಳಿಯುವ ಇದು ಮೆದುಳಿನಲ್ಲಿ ಹಸಿವನ್ನು ಎಬ್ಬಿಸುತ್ತದೆ. ಇದು ಹೆಚ್ಚಾಗಿ ಸ್ರವಿಸುವುದು ಜಠರದ ಮೇಲ್ಭಾಗದ ಉಬ್ಬಿನಿಂದ. ಸ್ಲೀವ್ ವಿಧಾನದಲ್ಲಿ ಕತ್ತರಿಸಿ ತೆಗೆಯುವುದು ಇದೇ ಭಾಗವನ್ನಾದ್ದರಿಂದ ಗ್ರೆಲಿನ್ ಮಟ್ಟ ಗಣನೀಯವಾಗಿ ತಗ್ಗುತ್ತದೆ. ಬೈಪಾಸಿನಲ್ಲಿ ಆಹಾರವು ಸಣ್ಣ ಕರುಳಿನ ಕೆಳಭಾಗವನ್ನು ಬೇಗ ತಲುಪುತ್ತದೆ. ಆಗ ಕರುಳು ಜಿಎಲ್‌ಪಿ-1 ಮತ್ತು ಪಿವೈವೈ ಎಂಬ, ತೃಪ್ತಿಯನ್ನು ಸಾರುವ ಹಾರ್ಮೋನುಗಳನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ. ಇತ್ತೀಚಿನ ಸೆಮಗ್ಲುಟೈಡ್ ಮುಂತಾದ ಔಷಧಗಳು ಅನುಕರಿಸುವುದು ಇದೇ ಜಿಎಲ್‌ಪಿ-1 ಹಾರ್ಮೋನನ್ನು.

ಆದ್ದರಿಂದ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೆಂಬುದೇ ಇರುವುದಿಲ್ಲ. ಊಟದ ಹೊತ್ತನ್ನು ಗಡಿಯಾರ ನೋಡಿ ನೆನಪಿಸಿಕೊಳ್ಳಬೇಕಾಗುತ್ತದೆ.

ರುಚಿ ಮತ್ತು ಚಪಲದ ಬದಲಾವಣೆ

ಸಿಹಿ ಅತಿಯಾಗಿ ಸಿಹಿಯೆನಿಸುವುದು, ಕರಿದ ತಿಂಡಿಯ ಜಿಡ್ಡು ಬೇಡವೆನಿಸುವುದು, ಮಾಂಸದ ವಾಸನೆಗೆ ಹೊಟ್ಟೆ ತೊಳಸುವುದು, ಮೆಚ್ಚಿನ ಕಾಫಿಯೂ ರುಚಿಸದಿರುವುದು ರೋಗಿಗಳು ಸಾಮಾನ್ಯವಾಗಿ ಹೇಳುವ ಅನುಭವಗಳು. ಲಂಡನ್ನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಂಪ್ಯೂಟರಿನ ಮೌಸನ್ನು ಒತ್ತುತ್ತ ಹೋದವರಿಗೆ ಚಾಕೊಲೇಟಿನ ಚೂರು ಬಹುಮಾನವಾಗಿ ದೊರೆಯುತ್ತಿತ್ತು. ಪ್ರತಿ ಸಲವೂ ಒತ್ತಬೇಕಾದ ಸಂಖ್ಯೆ ಹೆಚ್ಚುತ್ತಿತ್ತು. ಬೈಪಾಸ್ ಆದ ಬಳಿಕ ಅದೇ ವ್ಯಕ್ತಿಗಳು ಚಾಕೊಲೇಟಿಗಾಗಿ ಹಿಂದಿನಷ್ಟು ಶ್ರಮಪಡಲಿಲ್ಲ. ತರಕಾರಿಯನ್ನು ಬಹುಮಾನವಾಗಿ ಇಟ್ಟಾಗ ಅಂತಹ ವ್ಯತ್ಯಾಸ ಕಾಣಲಿಲ್ಲ. ಚಪಲವನ್ನು ಮಾತಿನಲ್ಲಿ ಕೇಳಿ ತಿಳಿಯದೆ ಕೆಲಸದ ಮೂಲಕ ಅಳೆದ ಈ ಕ್ರಮ ಗಮನಾರ್ಹವಾದುದು.

ಇದಕ್ಕೆ ವ್ಯತಿರಿಕ್ತವಾದ ಸಾಕ್ಷ್ಯವೂ ಇದೆ. 2017ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲೂ ಅನಂತರವೂ ರೋಗಿಗಳ ಮುಂದೆ ಬಗೆಬಗೆಯ ತಿನಿಸುಗಳ ಬಫೆ ಊಟವನ್ನಿಟ್ಟು, ಅವರು ನಿಜವಾಗಿ ಬಡಿಸಿಕೊಂಡು ತಿಂದದ್ದನ್ನು ತೂಗಲಾಯಿತು. ತಿಂದ ಪ್ರಮಾಣ ಬಹಳ ಇಳಿದಿತ್ತು. ಆದರೆ ಸಿಹಿ, ಜಿಡ್ಡು, ಖಾರ ಮುಂತಾದವುಗಳ ಪಾಲು ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ರುಚಿಯೇ ಬದಲಾಯಿತೆಂಬ ಹೇಳಿಕೆಗಳನ್ನು ಅಕ್ಷರಶಃ ತೆಗೆದುಕೊಳ್ಳಬಾರದೆಂದು ಇದರಿಂದ ತಿಳಿಯುತ್ತದೆ. ಅನುಭವ ಸುಳ್ಳೆಂದಲ್ಲ, ಸ್ವಲ್ಪದರಲ್ಲೇ ಸಾಕೆನಿಸುವ ದೇಹಸ್ಥಿತಿಯನ್ನು ಮನಸ್ಸು ನಾಲಿಗೆಯ ಬದಲಾವಣೆಯೆಂದು ಗ್ರಹಿಸಿರಬಹುದು.

ಡಂಪಿಂಗ್

ಬೈಪಾಸ್ ಆದವರು ಸಕ್ಕರೆ ಹೆಚ್ಚಿರುವ ಆಹಾರವನ್ನು ತಿಂದಾಗ ಅದು ಒಮ್ಮೆಗೇ ಕರುಳಿಗೆ ಸುರಿದಂತಾಗಿ, ಕರುಳು ರಕ್ತದಿಂದ ನೀರನ್ನು ಸೆಳೆಯುತ್ತದೆ. ಹತ್ತರಿಂದ ಮೂವತ್ತು ನಿಮಿಷಗಳೊಳಗೆ ಎದೆಬಡಿತ, ಬೆವರು, ಹೊಟ್ಟೆನುಲಿತ, ಭೇದಿ, ತಲೆಸುತ್ತು ತೋರುತ್ತವೆ. ಇದನ್ನು ಡಂಪಿಂಗ್ ಎನ್ನುತ್ತಾರೆ. ಒಂದೆರಡು ಸಲ ಈ ಪಾಡು ಪಟ್ಟವರು ಸಿಹಿಯನ್ನು ತಾವಾಗಿಯೇ ದೂರವಿಡುವುದರಿಂದ, ಚಪಲ ಹೋಯಿತೆಂದು ತೋರುವ ಎಷ್ಟೋ ಪ್ರಸಂಗಗಳಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವುದು ಭಯ. ಎಲ್ಲರಿಗೂ ಡಂಪಿಂಗ್ ಆಗುವುದಿಲ್ಲ.

ಇದರ ಇನ್ನೊಂದು ರೂಪ ಊಟವಾದ ಒಂದರಿಂದ ಮೂರು ಗಂಟೆಗಳ ನಂತರ ಬರುತ್ತದೆ. ಏರಿದ ಸಕ್ಕರೆಗೆ ಪ್ರತಿಯಾಗಿ ಇನ್ಸುಲಿನ್ ಅತಿಯಾಗಿ ಸ್ರವಿಸಿ, ರಕ್ತದ ಸಕ್ಕರೆ ಕುಸಿದು, ನಡುಕದೊಂದಿಗೆ ತಡೆಯಲಾರದ ಹಸಿವು ಹುಟ್ಟುತ್ತದೆ. ಆಗ ಮತ್ತೆ ಸಿಹಿ ತಿಂದರೆ ಕ್ಷಣಕಾಲ ಸಮಾಧಾನವಾಗಿ, ಅದೇ ಚಕ್ರ ಪುನಃ ತಿರುಗುತ್ತದೆ. ಇಂತಹ ಹಂಬಲ ಬಾಯಿಚಪಲವಲ್ಲ, ರೋಗಲಕ್ಷಣ. ಮನೆಯವರು ಇದನ್ನು ಹೊಟ್ಟೆಬಾಕತನವೆಂದು ಹಂಗಿಸುವುದರಿಂದ ರೋಗಿ ಮುಚ್ಚಿಡಲು ಕಲಿಯುತ್ತಾನೆಯೇ ಹೊರತು ಗುಣವಾಗುವುದಿಲ್ಲ.

ಚಪಲದ ಮರಳಿಕೆ

ಸಾಮಾನ್ಯವಾಗಿ ಒಂದರಿಂದ ಎರಡು ವರ್ಷಗಳಲ್ಲಿ ತೂಕ ಅತ್ಯಂತ ಕೆಳಮಟ್ಟವನ್ನು ಮುಟ್ಟುತ್ತದೆ. ಹಸಿವೂ ಚಪಲವೂ ಮರಳುವುದು ಹೆಚ್ಚಾಗಿ ಈ ಹೊತ್ತಿಗೆ. 1987ರಲ್ಲಿ ಆರಂಭವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ದೀರ್ಘಕಾಲ ಗಮನಿಸಿದ ಸ್ವೀಡನ್ನಿನ ಅಧ್ಯಯನದಲ್ಲಿ, ಬೈಪಾಸ್ ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಗಳ ಹೊತ್ತಿಗೆ ಆ ಇಳಿಕೆ ಶೇ. 25ಕ್ಕೆ ಬಂದಿತ್ತು. ಅಂದರೆ ತುಸು ತೂಕ ಮರಳುವುದು ನಿಯಮ, ಅಪವಾದವಲ್ಲ. ಗಳಿಕೆಯ ಬಹುಪಾಲು ಉಳಿಯುವುದೂ ಅಷ್ಟೇ ನಿಜ.

ಮರಳಿದ ಚಪಲ ಹಳೆಯ ದಾರಿಯಲ್ಲಿ ನಡೆಯಲಾರದು, ಏಕೆಂದರೆ ದೊಡ್ಡ ಊಟಕ್ಕೆ ಸ್ಥಳವಿಲ್ಲ. ಅದು ಬೇರೆ ದಾರಿ ಹುಡುಕುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯುವಂತೆ ತಿನ್ನುವುದು ಅದರಲ್ಲಿ ಮುಖ್ಯವಾದದ್ದು. ಎರಡು ಚಕ್ಕುಲಿ, ಒಂದು ಹಿಡಿ ಖಾರಾ ಮಿಕ್ಸ್ಚರ್, ನಾಲ್ಕು ಬಿಸ್ಕತ್ತು ಎಂದು ಲೆಕ್ಕಕ್ಕೆ ಬಾರದಂತೆ ಒಳಸೇರುವ ಇವು ದಿನದ ಕೊನೆಗೆ ಒಂದು ದೊಡ್ಡ ಊಟದ ಶಕ್ತಿಯನ್ನು ಮೀರಬಹುದು. ಐಸ್‌ಕ್ರೀಮ್, ಮಿಲ್ಕ್‌ಶೇಕ್, ಹಣ್ಣಿನ ರಸಗಳಂತಹ ಜಾರಿಹೋಗುವ ಆಹಾರ ಇನ್ನೊಂದು ದಾರಿ. ಗಟ್ಟಿ ಪದಾರ್ಥ ತಿಂದರೆ ಎದೆ ಹಿಡಿಯುತ್ತದೆಂಬ ಅಂಜಿಕೆಯಿಂದ ಮೆತ್ತನೆಯದನ್ನೇ ಆಯ್ದುಕೊಳ್ಳುವವರು ತಮಗರಿವಿಲ್ಲದೆ ಇದಕ್ಕೆ ಸಿಲುಕುತ್ತಾರೆ. ಬೇಸರ, ಒಂಟಿತನ, ಕೋಪಗಳಿಗೆ ಆಹಾರವೇ ಮದ್ದಾಗಿದ್ದವರಲ್ಲಿ ಇದು ಹೆಚ್ಚು. ಶಸ್ತ್ರವೈದ್ಯನ ಕತ್ತರಿ ಆ ಭಾವನೆಗಳನ್ನು ಮುಟ್ಟಿರುವುದಿಲ್ಲವಾದ್ದರಿಂದ ಆಪ್ತಸಮಾಲೋಚನೆ ಬೇಕಾಗುತ್ತದೆ.

ಮದ್ಯದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಬೈಪಾಸ್ ಆದವರ ರಕ್ತಕ್ಕೆ ಮದ್ಯ ಬೇಗ ಸೇರಿ, ಕಡಿಮೆ ಪ್ರಮಾಣದಲ್ಲೇ ಹೆಚ್ಚು ಅಮಲೇರುತ್ತದೆ. ಮದ್ಯವ್ಯಸನದ ತೊಂದರೆ ಎರಡನೆಯ ವರ್ಷದಲ್ಲಿ ಹೆಚ್ಚುವುದನ್ನು ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಮಂಜುಗಡ್ಡೆ, ಮಣ್ಣು ಮತ್ತು ಪೋಷಕಾಂಶದ ಕೊರತೆ

ಮಂಜುಗಡ್ಡೆಯನ್ನು ಕಟಕಟನೆ ಅಗಿಯುವ, ಮಣ್ಣು, ಸೀಮೆಸುಣ್ಣ ಅಥವಾ ಹಸಿ ಅಕ್ಕಿಯನ್ನು ತಿನ್ನುವ ಹಂಬಲ ಕೆಲವರಲ್ಲಿ ಹುಟ್ಟುತ್ತದೆ. ಬಸುರಿಯರ ಬಯಕೆಗಳಲ್ಲಿಯೂ ಇಂತಹವು ಇರುವುದು ಕನ್ನಡಿಗರಿಗೆ ಪರಿಚಿತ. ಇದು ಬಹುಮಟ್ಟಿಗೆ ಕಬ್ಬಿಣಾಂಶದ ಕೊರತೆಯ ಸೂಚನೆ. ಕೊರತೆ ನೀಗಿದಾಗ ಹಂಬಲವೂ ಸಾಮಾನ್ಯವಾಗಿ ಅಡಗುತ್ತದೆ. ಕಬ್ಬಿಣವು ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಆರಂಭದ ಭಾಗದಲ್ಲಿ. ಬೈಪಾಸಿನಲ್ಲಿ ಆಹಾರ ಅದನ್ನು ತಪ್ಪಿಸಿಕೊಂಡು ಹೋಗುತ್ತದೆ. ಊಟದ ಜೊತೆಯ ಕಾಫಿ, ಚಹಾಗಳೂ ಕಬ್ಬಿಣದ ಹೀರಿಕೆಯನ್ನು ತಡೆಯುತ್ತವೆ.

ಬಿ12, ಡಿ ಜೀವಸತ್ವ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಗಳಾದರೂ ಅಂತರವಿರಬೇಕು. ಮೊದಲ ತಿಂಗಳುಗಳಲ್ಲಿ ಬಿಡದೆ ವಾಂತಿಯಾಗುತ್ತಿದ್ದರೆ ಅದನ್ನು ಸಹಜವೆಂದು ಸಹಿಸಬಾರದು. ಬಿ1 ಜೀವಸತ್ವ ಕೆಲವೇ ವಾರಗಳಲ್ಲಿ ಬರಿದಾಗಿ, ನಡಿಗೆ ತೂರಾಡುವುದು, ಕಣ್ಣು ಎರಡೆರಡಾಗಿ ಕಾಣುವುದು, ಮಂಕು ಕವಿಯುವುದು ಆಗಬಹುದು. ಕೂಡಲೇ ಚಿಕಿತ್ಸೆ ದೊರೆಯದಿದ್ದರೆ ಮೆದುಳಿಗೆ ಆದ ಹಾನಿ ಶಾಶ್ವತವಾಗುತ್ತದೆ.

ಕರ್ನಾಟಕದ ಊಟದ ಸಂದರ್ಭದಲ್ಲಿ

ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಬೇಕೆಂಬುದು ಸಾಮಾನ್ಯ ಸಲಹೆ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಅನ್ನವೇ ಪ್ರಧಾನವಾದ ಸಸ್ಯಾಹಾರದಲ್ಲಿ, ಅಂಗೈಯಗಲದ ಊಟದಿಂದ ಇಷ್ಟು ಪ್ರೊಟೀನ್ ಪಡೆಯುವುದು ಕಷ್ಟ. ಹೀಗಾಗಿ ತಟ್ಟೆಯ ಕ್ರಮವೇ ತಲೆಕೆಳಗಾಗಬೇಕಾಗುತ್ತದೆ: ಗಟ್ಟಿ ತೊವ್ವೆ, ಕಾಳುಪಲ್ಯ, ಮೊಸರು, ಪನೀರು ಮೊದಲು, ಸ್ಥಳ ಉಳಿದರೆ ಅನ್ನ ಅಥವಾ ಚಪಾತಿ. ಕೋಸಂಬರಿಯಂತಹ ಹಸಿ ಬೇಳೆಯ ಪದಾರ್ಥಗಳು ಆರಂಭದಲ್ಲಿ ಒಗ್ಗುವುದಿಲ್ಲ.

ರಾಗಿಮುದ್ದೆಯದು ವಿಶೇಷ ಸಮಸ್ಯೆ. ಹಳೆ ಮೈಸೂರು ಭಾಗದಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅಗಿದು ತಿನ್ನುವವನನ್ನು ನೋಡಿ ನಗುವುದೂ ಉಂಟು. ಅಗಿಯದ ತುತ್ತು ಕಿರಿದಾದ ಮಾರ್ಗದಲ್ಲಿ ಸಿಕ್ಕಿಕೊಳ್ಳುವ ಸಂಭವವಿರುವುದರಿಂದ, ಮುದ್ದೆಯೇ ನಿತ್ಯದ ಊಟವಾಗಿದ್ದವರು ರಾಗಿಯನ್ನು ಅಂಬಲಿ ಅಥವಾ ಮೃದುವಾದ ದೋಸೆಯ ರೂಪಕ್ಕೆ ತಿರುಗಿಸಿಕೊಳ್ಳುವುದು ಕ್ಷೇಮ.

ಮದುವೆ, ಗೃಹಪ್ರವೇಶಗಳ ಪಂಕ್ತಿಭೋಜನ ಇನ್ನೊಂದು ಪರೀಕ್ಷೆ. ಎಲೆಯಲ್ಲಿ ಬಿಡುವುದು ಅನ್ನಕ್ಕೆ ಮಾಡಿದ ಅವಮಾನವೆಂದೂ, ಒತ್ತಾಯಪಡಿಸಿ ಬಡಿಸುವುದೇ ಉಪಚಾರವೆಂದೂ ನಂಬಿದ ಸಮಾಜದಲ್ಲಿ, ಎರಡು ಚಮಚ ಪಾಯಸಕ್ಕೂ ಅಂಜುವ ಅತಿಥಿ ಪ್ರತಿಯೊಬ್ಬರಿಗೂ ವಿವರಣೆ ಕೊಡಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ವಿಷಯವನ್ನು ಹೇಳಿಕೊಳ್ಳಲು ಇಷ್ಟಪಡದವರು ಮಧುಮೇಹದ ನೆಪ ಹೇಳುತ್ತಾರೆ, ಇಲ್ಲವೆ ಊಟದ ಹೊತ್ತಿಗೆ ಮುಂಚೆಯೇ ಉಡುಗೊರೆ ಕೊಟ್ಟು ಹೊರಟುಬಿಡುತ್ತಾರೆ. ಮೊದಲೇ ತಿಳಿದ ಮನೆಯವರು ಪಕ್ಕದಲ್ಲಿ ಕುಳಿತು, ಬಡಿಸುವವರಿಗೆ ಸನ್ನೆ ಮಾಡಿ, ಚಿಕ್ಕ ಎಲೆಯಲ್ಲಿ ಬೇಕಾದಷ್ಟನ್ನೇ ಹಾಕಿಸಿದರೆ ಆ ವ್ಯಕ್ತಿ ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು, ಎಲ್ಲರೊಡನೆ ಏಳಬಹುದು.