ಶ್ರವಣ ಸಾಧನಕ್ಕೆ ನಿಸ್ತಂತು ಧ್ವನಿ: ಲಿನಕ್ಸ್ ತಡವಾಗಿ ತಲುಪಿದ ಕಥೆ

ಕೆಲವು ವರ್ಷಗಳ ಹಿಂದೆ ವಿಜಯನಗರದಿಂದ ನನ್ನ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎರಡೂ ಕಿವಿಗೆ ಶ್ರವಣ ಸಾಧನ ಧರಿಸುತ್ತಿದ್ದಳು. ಆಂಡ್ರಾಯ್ಡ್ ಮೊಬೈಲಿನಲ್ಲಿ ಪಾಠದ ವಿಡಿಯೊ ಹಾಕಿದರೆ ಧ್ವನಿ ನೇರವಾಗಿ ಸಾಧನದೊಳಗೇ ಕೇಳಿಸುತ್ತಿತ್ತು. ಅದೇ ವಿಡಿಯೊವನ್ನು ಪ್ರಯೋಗಾಲಯದ ಉಬುಂಟು ಗಣಕದಲ್ಲಿ ಹಾಕಿದರೆ ಸ್ಪೀಕರಿನ ಧ್ವನಿಯೊಂದಿಗೆ ಕೋಣೆಯ ಗದ್ದಲವೂ ಸೇರಿ ಬರುತ್ತಿತ್ತು. "ಸರ್, ಎರಡರಲ್ಲೂ ಇರುವುದು ಲಿನಕ್ಸೇ ಅಲ್ಲವೇ? ಇದರಲ್ಲೇಕೆ ಬರುವುದಿಲ್ಲ?" ಎಂದು ಕೇಳಿದಳು. ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಉತ್ತರ ಇತಿಹಾಸದಲ್ಲಿದೆ.

ಶ್ರವಣ ಸಾಧನವು ಮಾತನ್ನಷ್ಟೇ ಅಲ್ಲ, ಫ್ಯಾನಿನ ಸದ್ದನ್ನೂ ವರ್ಧಿಸುತ್ತದೆ. ಮಾತನಾಡುವವರು ದೂರ ಸರಿದಂತೆ ಮಾತಿನ ತೀವ್ರತೆ ಕುಗ್ಗುತ್ತದೆ, ಗದ್ದಲ ಕುಗ್ಗುವುದಿಲ್ಲ. ಆದ್ದರಿಂದ ಗಾಳಿಯ ದಾರಿಯನ್ನೇ ಬಿಟ್ಟು ಧ್ವನಿಯನ್ನು ಕಿವಿಗೆ ಮುಟ್ಟಿಸುವ ಪ್ರಯತ್ನ ಹಳೆಯದು. 1937ರಲ್ಲಿ ಬ್ರಿಟನ್ನಿನ ಜೋಸೆಫ್ ಪೋಲಿಯಾಕಾಫ್ ಕಾಂತೀಯ ಪ್ರೇರಣೆಯ ಸುರುಳಿಗೆ ಪೇಟೆಂಟ್ ಪಡೆದರು. ಕೋಣೆಯ ಸುತ್ತ ತಂತಿ ಎಳೆದು ಅದರಲ್ಲಿ ಧ್ವನಿಯ ವಿದ್ಯುತ್ ಹರಿಸಿದರೆ, ಸಾಧನದೊಳಗಿನ ಪುಟ್ಟ ಸುರುಳಿಯಲ್ಲಿ ಅದೇ ಸಂಕೇತ ಹುಟ್ಟುತ್ತದೆ. ನೀವು ತರಗತಿಯಲ್ಲಿ ಕಲಿಸುವ ಫ್ಯಾರಡೆಯ ನಿಯಮವೇ ಇಲ್ಲಿ ಕೆಲಸ ಮಾಡುತ್ತದೆ!

ಬ್ಲೂಟೂತ್ ಬಂದಾಗ ತೊಡಕೊಂದು ಎದುರಾಯಿತು. ಶ್ರವಣ ಸಾಧನದ ಸತು-ಗಾಳಿ ಕೋಶದ ವೋಲ್ಟೇಜ್ ಸುಮಾರು 1.4, ಗಾತ್ರ ಅಂಗಿಯ ಗುಂಡಿಗಿಂತಲೂ ಚಿಕ್ಕದು. ಹಳೆಯ ಬ್ಲೂಟೂತ್‌ನ ಹಸಿವಿಗೆ ಅದು ಸಾಲದು. 2010ರಲ್ಲಿ ಬ್ಲೂಟೂತ್ 4.0ರೊಡನೆ ಕಡಿಮೆ ಶಕ್ತಿಯ ವಿಧಾನ ಬಂತು; ಆದರೆ ಅದರಲ್ಲಿ ಧ್ವನಿ ಕಳುಹಿಸುವ ನಿಯಮವೇ ಇರಲಿಲ್ಲ. ಆಪಲ್ ಕಂಪನಿ ತನ್ನದೇ ವಿಧಾನ ರೂಪಿಸಿತು. 2018ರಲ್ಲಿ ಗೂಗಲ್ ಮತ್ತು ಡೆನ್ಮಾರ್ಕಿನ ಜಿಎನ್ ಹಿಯರಿಂಗ್ ಸೇರಿ ಮತ್ತೊಂದು ವಿಧಾನ ಪ್ರಕಟಿಸಿದವು. ಅದರ ಹೆಸರು 'ಆಡಿಯೋ ಸ್ಟ್ರೀಮಿಂಗ್ ಫಾರ್ ಹಿಯರಿಂಗ್ ಏಡ್ಸ್', ಚಿಕ್ಕದಾಗಿ 'ಆಶಾ'. ಅದರ ವಿವರಗಳನ್ನು ಯಾರು ಬೇಕಾದರೂ ಓದಬಹುದಿತ್ತು. 2019ರಲ್ಲಿ ಆಂಡ್ರಾಯ್ಡ್ 10 ಅದನ್ನು ಅಳವಡಿಸಿಕೊಂಡಿತು.

ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ನೋಡಬಹುದು. ಆಶಾ ಸೆಕೆಂಡಿಗೆ 16,000 ಮಾದರಿಗಳನ್ನು ತೆಗೆದುಕೊಳ್ಳುತ್ತದೆ. ಒಂದೊಂದಕ್ಕೆ 16 ಬಿಟ್ ಎಂದರೆ ಸೆಕೆಂಡಿಗೆ 2,56,000 ಬಿಟ್. 1988ರ ಜಿ.722 ಎಂಬ ದೂರವಾಣಿ ಸಂಕೇತಕ್ರಮ ಇದನ್ನು 64,000ಕ್ಕೆ, ಅಂದರೆ ಕಾಲುಭಾಗಕ್ಕೆ ಇಳಿಸುತ್ತದೆ. 20 ಮಿಲಿಸೆಕೆಂಡಿಗೊಂದರಂತೆ ಹೊರಡುವ ಪ್ರತಿ ಕಟ್ಟಿನಲ್ಲಿ 160 ಬೈಟ್ ಧ್ವನಿ ಇರುತ್ತದೆ. ಎಡ, ಬಲ ಸಾಧನಗಳಿಗೆ ಸಂಪರ್ಕ ಬೇರೆ ಬೇರೆ. ಎರಡೂ ಕಡೆಗೆ ಕಟ್ಟುಗಳು ಹೊತ್ತಿಗೆ ಸರಿಯಾಗಿ ತಲುಪಬೇಕು. ಇಲ್ಲವಾದರೆ ಎರಡು ಕಿವಿಗಳ ಧ್ವನಿ ಹೊಂದುವುದಿಲ್ಲ.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಆಂಡ್ರಾಯ್ಡ್‌ನ ತಿರುಳು ಲಿನಕ್ಸೇ ಹೌದು. ಲಿನಕ್ಸಿನ ಬ್ಲೂಟೂತ್ ತಂತ್ರಾಂಶದ ಹೆಸರು ಬ್ಲೂಝಡ್. 2001ರಲ್ಲಿ ಅದು ಲಿನಕ್ಸಿಗೆ ಸೇರಿತು. ಆರಂಭದ ಆಂಡ್ರಾಯ್ಡ್ ಬಳಸಿದ್ದೂ ಇದನ್ನೇ. ಆದರೆ 2012ರಲ್ಲಿ, 4.2ನೇ ಆವೃತ್ತಿಯಲ್ಲಿ, ಗೂಗಲ್ ಅದನ್ನು ಬಿಟ್ಟು ಬೇರೆ ಬ್ಲೂಟೂತ್ ತಂತ್ರಾಂಶ ಹಿಡಿಯಿತು. ದಾರಿ ಕವಲಾಯಿತು. ಏಳು ವರ್ಷಗಳ ನಂತರ ಮೊಬೈಲಿಗೆ ಬಂದ 'ಆಶಾ' ಗಣಕದ ಲಿನಕ್ಸಿಗೆ ತಾನಾಗಿ ಹರಿದುಬರಲಿಲ್ಲ. ಅಲ್ಲಿಗೆ ಯಾರಾದರೂ ಹೊಸದಾಗಿಯೇ ಬರೆಯಬೇಕಿತ್ತು.

ಬರೆಯಬಲ್ಲ ಜಾಣ್ಮೆ ನಮ್ಮ ಸುತ್ತಮುತ್ತಲೇ ಇತ್ತು. 1999ರಲ್ಲಿ ಹುಟ್ಟಿದ ಮೈಂಡ್‌ಟ್ರೀ ಕಂಪನಿ ಕೆಂಗೇರಿ ಕಡೆಗೆ ಹೋಗುವ ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್‌ನಲ್ಲಿ ನೆಲೆಸಿತ್ತು. 'ಈಥರ್‌ಮೈಂಡ್' ಎಂಬ ಬ್ಲೂಟೂತ್ ತಂತ್ರಾಂಶವನ್ನು ರೂಪಿಸಿ ಇತರ ಕಂಪನಿಗಳಿಗೆ ಪರವಾನಗಿಯ ಮೇಲೆ ಕೊಡುತ್ತಿತ್ತು. ಪರವಾನಗಿಯ ತಂತ್ರಾಂಶ ಕೊಳ್ಳುವವರಿದ್ದಲ್ಲಿಗೆ ಹೋಗುತ್ತದೆ. ಶಾಲೆಯ ಉಚಿತ ಗಣಕಕ್ಕಾಗಿ ಕೊಳ್ಳುವವರು ಯಾರು?

ಕೊನೆಗೆ 2024ರಲ್ಲಿ ಬ್ಲೂಝಡ್‌ಗೆ ಆಶಾ ಸೇರಿತು. ಗಣಕದೊಳಗೆ ಧ್ವನಿಯನ್ನು ಹಂಚುವ ಪೈಪ್‌ವೈರ್ ತಂತ್ರಾಂಶ 2025ರ ಮಾರ್ಚ್‌ನಲ್ಲಿ, 1.4ನೇ ಆವೃತ್ತಿಯಲ್ಲಿ, ಅದನ್ನು ಬೆಂಬಲಿಸಿತು. ಆಂಡ್ರಾಯ್ಡ್‌ಗಿಂತ ಐದಾರು ವರ್ಷ ತಡ. ಒಬ್ಬ ವಿದ್ಯಾರ್ಥಿನಿ ಪಿಯುಸಿಗೆ ಸೇರಿ ಪದವಿ ಮುಗಿಸುವಷ್ಟು ಕಾಲ! ಈ ನಡುವೆ ಎಲ್ಲ ತಯಾರಕರಿಗೂ ಒಂದೇ ಆಗುವ 'ಎಲ್‌ಇ ಆಡಿಯೋ' ಮಾನದಂಡ 2020ರಲ್ಲಿ ಘೋಷಣೆಯಾಗಿ, 2022ರಲ್ಲಿ ಪೂರ್ಣಗೊಂಡಿತು. ಲಿನಕ್ಸ್ ಅದನ್ನೂ ಹಂತಹಂತವಾಗಿ ಅಳವಡಿಸಿಕೊಳ್ಳುತ್ತಿದೆ. ಹಾಗೆಂದು ಆಶಾ ವ್ಯರ್ಥವಲ್ಲ. ಕೊಂಡ ಶ್ರವಣ ಸಾಧನವನ್ನು ಜನ ವರ್ಷಗಟ್ಟಲೆ ಬಳಸುತ್ತಾರೆ. ಹೊಸ ಮಾನದಂಡ ಬಂತೆಂದು ಎಸೆಯಲಾಗದು.

ಈ ಇತಿಹಾಸ ಹೇಳುವುದು ಇಷ್ಟೇ: ಮಾನದಂಡ ಮುಕ್ತವಾಗಿದ್ದರೆ ಬಾಗಿಲು ತೆರೆದಿದೆ ಎಂದರ್ಥ, ಒಳಗೆ ಯಾರೋ ದೀಪ ಹಚ್ಚಿದ್ದಾರೆ ಎಂದಲ್ಲ. ನಮ್ಮ ರಾಜ್ಯದ ಅನೇಕ ಪ್ರೌಢಶಾಲಾ ಶಿಕ್ಷಕರು ಉಬುಂಟುವಿನಲ್ಲೇ ತರಬೇತಿ ಪಡೆದವರು. ನಿಮ್ಮ ಶಾಲೆಯಲ್ಲಿ ಶ್ರವಣ ಸಾಧನ ಧರಿಸಿದ ಮಗುವಿದ್ದರೆ ಮೊದಲು ಆ ಸಾಧನ ಆಶಾ ಅಥವಾ ಎಲ್‌ಇ ಆಡಿಯೋ ಬೆಂಬಲಿಸುವುದೇ ಎಂದು ವಿಚಾರಿಸಿ. ಅನಂತರ ಗಣಕದ ತಂತ್ರಾಂಶ ಹಳೆಯದಾಗಿದ್ದರೆ ನವೀಕರಿಸಿ. ಕೇಳಿಸದಿದ್ದರೆ ಮಗುವಿನತ್ತ ಬೆರಳು ತೋರಬೇಡಿ. ತೊಡಕು ಗಣಕದಲ್ಲೇ ಇರಬಹುದು.