ಬರವಣಿಗೆಯ ಶಾಲೆಗೆ ಪ್ರಕಾಶನ ಬಂದ ಬಗೆ

ಸಾಹಿತ್ಯರಚನೆಯನ್ನು ಕಲಿಸಿಕೊಡಬಹುದೇ ಎಂಬ ಚರ್ಚೆ ಹಳೆಯದು. ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರು ಹೇತುಗಳನ್ನು ಹೇಳಿ, ಮೊದಲನೆಯದನ್ನು ಹುಟ್ಟಿಗೆ ಬಿಟ್ಟು, ಉಳಿದೆರಡನ್ನು ಗುರುವಿನ ಕೈಗೆ ಒಪ್ಪಿಸಿದರು. ಆದರೆ ಬರೆದದ್ದನ್ನು ಪುಸ್ತಕವಾಗಿಸಿ ಓದುಗನ ಕೈಗೆ ಮುಟ್ಟಿಸುವ ವಿದ್ಯೆಯನ್ನು ಯಾವ ಆಲಂಕಾರಿಕನೂ ಕಾವ್ಯಹೇತುಗಳಲ್ಲಿ ಸೇರಿಸಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯವೂ ಇರಲಿಲ್ಲವೆನ್ನಿ. ಬರೆದುಕೊಳ್ಳಲು ಲಿಪಿಕಾರನಿದ್ದ, ಕೇಳಲು ಸಭೆಯಿತ್ತು, ಕೊಡಲು ಅರಸನಿದ್ದ. ಅಚ್ಚಿನ ಯಂತ್ರ ಬಂದು ಶತಮಾನಗಳು ಕಳೆದ ಮೇಲೂ ಬರವಣಿಗೆಯನ್ನು ಕಲಿಸುವ ಶಾಲೆಗಳು ಪ್ರಕಾಶನದ ವಿಷಯದಲ್ಲಿ ಬಹುಕಾಲ ಬಾಯಿ ಬಿಡಲಿಲ್ಲ ಎಂಬುದು ವಿಚಿತ್ರವಾದರೂ ನಿಜ. ಅಮೆರಿಕೆಯಲ್ಲಿ ಆ ಮೌನ ಮುರಿದ ಕಥೆ ಒಂದು ವಿಶಿಷ್ಟ ಬಗೆಯ ಶಾಲೆಯ ಕಥೆಯೊಡನೆ ಹೆಣೆದುಕೊಂಡಿದೆ. ವಿದ್ಯಾರ್ಥಿ ವರ್ಷಕ್ಕೆ ಒಮ್ಮೆಯೋ ಎರಡು ಬಾರಿಯೋ ಕೆಲವೇ ದಿನ ಗುರುಕುಲದಲ್ಲಿ ಇದ್ದು, ಮಿಕ್ಕ ಕಾಲವೆಲ್ಲ ತನ್ನ ಮನೆಯಲ್ಲಿ ಕುಳಿತು ಬರೆಯುವ ಶಾಲೆ ಅದು. ಅಲ್ಲಿಯವರು ಅದನ್ನು 'ಲೋ ರೆಸಿಡೆನ್ಸಿ' ಎನ್ನುತ್ತಾರೆ. ನಾವು 'ಅಲ್ಪವಾಸ'ದ ಶಾಲೆ ಎಂದರೆ ಸಾಕೀತು.

ಇದಕ್ಕೆ ಮುಂಚೆ ಪೂರ್ಣವಾಸದ ಶಾಲೆಗಳಿದ್ದುವು. ಅಯೋವಾ ವಿಶ್ವವಿದ್ಯಾನಿಲಯವು 1922ರಲ್ಲಿ, ಉನ್ನತ ಪದವಿಗೆ ಸಂಶೋಧನ ಪ್ರಬಂಧದ ಬದಲು ಕವನಸಂಗ್ರಹವನ್ನೋ ಕಾದಂಬರಿಯನ್ನೋ ಒಪ್ಪಿಸಬಹುದೆಂದು ಸಾರಿತು. 1936ರಲ್ಲಿ ವಿಲ್ಬರ್ ಶ್ರಾಮ್ ಅವರ ನೇತೃತ್ವದಲ್ಲಿ ಅಲ್ಲಿ ಲೇಖಕರ ಕಮ್ಮಟ ಆರಂಭವಾಯಿತು. 1941ರಿಂದ ಕವಿ ಪಾಲ್ ಎಂಗಲ್ ಅದನ್ನು ಕಾಲು ಶತಮಾನದಷ್ಟು ಕಾಲ ಬೆಳೆಸಿದರು. ಅದೇ ಎಂಗಲ್ ಮತ್ತು ಹುವಾಲಿಂಗ್ ನೀ ಸೇರಿ 1967ರಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಲೇಖಕರ ಶಿಬಿರಕ್ಕೆ 2016ರಲ್ಲಿ ನಮ್ಮ ವಿವೇಕ ಶಾನಭಾಗರೂ ಹೋಗಿಬಂದರು. ಅಯೋವಾದ ಮಾದರಿ ದೇಶದಲ್ಲೆಲ್ಲ ಹಬ್ಬಿತು. ಆದರೆ ಅಲ್ಲಿಗೆ ಹೋಗಲು ಎರಡು ವರ್ಷ ಊರು ಬಿಡಬೇಕು. ತರುಣರಿಗೆ ಅದು ಸುಲಭ; ಮೂವತ್ತೈದು ದಾಟಿದ ಗುಮಾಸ್ತನಿಗೆ, ಎರಡು ಮಕ್ಕಳ ತಾಯಿಗೆ, ಹಗಲೆಲ್ಲ ಶಾಲೆಯಲ್ಲಿ ಪಾಠ ಹೇಳಿ ರಾತ್ರಿ ಕಥೆ ಬರೆಯುವ ಉಪಾಧ್ಯಾಯಿನಿಗೆ ಆಗುವ ಮಾತಲ್ಲ.

ಅಂಥವರಿಗಾಗಿ ಬಾಗಿಲು ತೆರೆದದ್ದು ವರ್ಮಾಂಟ್ ಸಂಸ್ಥಾನ. ಅದು ಈಶಾನ್ಯ ಮೂಲೆಯ ಗುಡ್ಡಗಾಡು, ಚಳಿ ಹೆಚ್ಚು, ಜನ ಕಡಿಮೆ. ಬ್ರೆಡ್ ಲೋಫ್ ಎಂಬ ಬೆಟ್ಟದ ತಪ್ಪಲಿನಲ್ಲಿ ಮಿಡಲ್‌ಬರಿ ಕಾಲೇಜಿನವರು 1926ರಿಂದಲೇ ಬೇಸಗೆಯಲ್ಲಿ ಲೇಖಕರ ಸಮ್ಮೇಳನವೊಂದನ್ನು ನಡೆಸುತ್ತಿದ್ದರು. ಅದರ ಮೊದಲ ನಿರ್ದೇಶಕ ಜಾನ್ ಫರಾರ್. ವೃತ್ತಿಯಿಂದ ಸಂಪಾದಕ, ಮುಂದೆ ಪ್ರಕಾಶಕನಾಗಿ ಹೆಸರಾದವನು. ಕೆಲವೇ ದಿನ ಒಟ್ಟಿಗೆ ಇದ್ದು, ಓದಿ, ಹರಟಿ, ಚದುರಿಹೋಗುವ ಪದ್ಧತಿಗೆ ಅಲ್ಲಿ ರೂಢಿ ಬಿದ್ದಿತು. ಆದರೆ ಅದು ಜಾತ್ರೆಯೇ ಹೊರತು ಶಾಲೆಯಲ್ಲ. ಪದವಿಯಿಲ್ಲ, ಮನೆಗೆ ಹೋದ ಮೇಲೆ ಗುರುವಿನ ಸಂಪರ್ಕವೂ ಇಲ್ಲ.

ಶಾಲೆಯಾದದ್ದು ಗಾಡರ್ಡ್ ಕಾಲೇಜಿನಲ್ಲಿ. ರಾಯ್ಸ್ ಪಿಟ್ಕಿನ್ ಎಂಬ ಶಿಕ್ಷಣ ಸುಧಾರಕರು 1938ರಲ್ಲಿ ಪ್ಲೇನ್‌ಫೀಲ್ಡ್ ಎಂಬ ಹಳ್ಳಿಯ ಹಳೆಯ ಜಮೀನಿನಲ್ಲಿ ಈ ಕಾಲೇಜನ್ನು ಸ್ಥಾಪಿಸಿದ್ದರು. ಅಂಕಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಬದುಕಿನ ಅನುಭವವೇ ಪಠ್ಯ ಎನ್ನುವವರು. 1963ರಲ್ಲಿ ಎವಲಿನ್ ಬೇಟ್ಸ್ ಎಂಬವರ ಯೋಜನೆಯಂತೆ ಅಲ್ಲಿ ವಯಸ್ಕರಿಗಾಗಿ ಪದವಿಯ ಹೊಸ ಕ್ರಮವೊಂದು ಆರಂಭವಾಯಿತು: ಆರು ತಿಂಗಳಿಗೊಮ್ಮೆ ಕೆಲವು ದಿನ ಕಾಲೇಜಿಗೆ ಬಂದು, ಮುಂದಿನ ವ್ಯಾಸಂಗವನ್ನು ಗುರುವಿನೊಡನೆ ಗೊತ್ತುಮಾಡಿಕೊಂಡು, ಊರಿಗೆ ಹಿಂದಿರುಗಿ ಓದುವುದು. ಈ ಪಾತ್ರೆಗೆ ಸಾಹಿತ್ಯವನ್ನು ಹೊಯ್ದವರು ಎಲೆನ್ ಬ್ರಯಂಟ್ ವಾಯ್ಟ್ ಎಂಬ ಕವಯಿತ್ರಿ. ಆಕೆ 1976ರಲ್ಲಿ ಗಾಡರ್ಡ್‌ನಲ್ಲಿ ಆರಂಭಿಸಿದ ಸ್ನಾತಕೋತ್ತರ ಪದವಿಯೇ ಆ ದೇಶದ ಮೊಟ್ಟಮೊದಲ ಅಲ್ಪವಾಸದ ಸಾಹಿತ್ಯ ಶಾಲೆ.

ಅದು ನಡೆಯುತ್ತಿದ್ದ ರೀತಿ ಕುತೂಹಲಕರವಾದುದು. ಚಳಿಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಎಲ್ಲರೂ ಕೂಡುವರು. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ಪರಸ್ಪರ ಹಸ್ತಪ್ರತಿಗಳ ವಿಮರ್ಶೆ, ರಾತ್ರಿ ವಾಚನ. ಹೊರಡುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಬ್ಬ ಗುರು ಗೊತ್ತಾಗುವರು. ಓದಬೇಕಾದ ಪುಸ್ತಕಗಳ ಪಟ್ಟಿಯೂ ಸಿದ್ಧವಾಗುವುದು. ಊರಿಗೆ ಹೋದ ಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ ವಿದ್ಯಾರ್ಥಿ ತನ್ನ ಹೊಸ ಕಥೆ ಕವನಗಳನ್ನೂ, ಓದಿದ ಪುಸ್ತಕಗಳ ಮೇಲಿನ ಟಿಪ್ಪಣಿಗಳನ್ನೂ ಒಂದು ಕಟ್ಟು ಕಟ್ಟಿ ಅಂಚೆಗೆ ಹಾಕಬೇಕು. ಗುರು ಅದನ್ನು ಸಾಲುಸಾಲಾಗಿ ಓದಿ ದೀರ್ಘ ಪತ್ರ ಬರೆಯಬೇಕು. ತರಗತಿಯಲ್ಲಿ ಹತ್ತು ಜನರ ನಡುವೆ ಒಂದು ಮಾತು ಆಡಿ ತಪ್ಪಿಸಿಕೊಳ್ಳುವಂತಿಲ್ಲ. ಬರೆದವನೂ ಓದಿದವನೂ ಕಾಗದದ ಮೇಲೆ ಎದುರುಬದುರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿದ್ದು ಓದುಗರಿಗೆ ಗೊತ್ತು. ಅದರ 'ಸಂಪರ್ಕ ತರಗತಿ'ಗಳಿಗೆ ರಜೆ ಹಾಕಿ ಹೋದವರು ಇಂದಿಗೂ ಅನೇಕರಿದ್ದಾರೆ. ಅಲ್ಲಿ ಪಾಠದ ಅಚ್ಚುಪ್ರತಿ ಗುರುವಿನಿಂದ ವಿದ್ಯಾರ್ಥಿಗೆ ಹೋಗುತ್ತಿತ್ತು. ಗಾಡರ್ಡ್‌ನಲ್ಲಿ ಕಟ್ಟು ಹೋಗುತ್ತಿದ್ದುದು ವಿದ್ಯಾರ್ಥಿಯಿಂದ ಗುರುವಿಗೆ. ವ್ಯತ್ಯಾಸ ಸಣ್ಣದಲ್ಲ.

ಕಲಿಸಿದವರಾದರೂ ಯಾರು! ಸಣ್ಣಕಥೆಯ ರೇಮಂಡ್ ಕಾರ್ವರ್, ಮುಂದೆ 2020ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಲೂಯಿಸ್ ಗ್ಲಿಕ್, ಇಂಥವರು. ಆಗ ಅವರಲ್ಲಿ ಬಹುಮಂದಿ ಎಳೆಯರು, ಕೀರ್ತಿಗಿಂತ ಸಂಬಳದ ಅಗತ್ಯ ಹೆಚ್ಚಾಗಿದ್ದವರು. ಆದರೆ ಒಳ್ಳೆಯ ಗುರುಗಳಿದ್ದ ಮಾತ್ರಕ್ಕೆ ಕಾಲೇಜಿನ ಬೊಕ್ಕಸ ತುಂಬುವುದಿಲ್ಲ. ಐದು ವರ್ಷ ತುಂಬುವುದರೊಳಗೆ ಗಾಡರ್ಡ್ ಹಣದ ಮುಗ್ಗಟ್ಟಿಗೆ ಸಿಕ್ಕಿ, ತನ್ನ ಕೆಲವು ವಿಭಾಗಗಳನ್ನೇ ಪರಭಾರೆ ಮಾಡಬೇಕಾಯಿತು. 1981ರಲ್ಲಿ ಸಾಹಿತ್ಯ ಶಾಲೆ ಎರಡು ಕವಲಾಯಿತು. ವಾಯ್ಟ್ ಮತ್ತು ಆಕೆಯ ಸಂಗಡಿಗರು ದಕ್ಷಿಣಕ್ಕೆ, ಉತ್ತರ ಕ್ಯಾರೊಲಿನದ ವಾರನ್ ವಿಲ್ಸನ್ ಕಾಲೇಜಿಗೆ ಹೋದರು. ಇನ್ನೊಂದು ಕವಲು ಹತ್ತಿರದ ಮಾಂಟ್‌ಪೀಲಿಯರ್ ಪಟ್ಟಣದ ವರ್ಮಾಂಟ್ ಕಾಲೇಜಿನಲ್ಲಿ ಬೇರೂರಿತು. ಗಾಡರ್ಡ್ ತಾನೂ ಮುಂದೆ ಚೇತರಿಸಿಕೊಂಡು ಆ ಪದವಿಯನ್ನು ಮತ್ತೆ ಕೊಡತೊಡಗಿತು. ಹೀಗೆ ದಿವಾಳಿಯ ಭೀತಿಯೇ ಒಂದು ಶಾಲೆಯನ್ನು ಮೂರು ಮಾಡಿತು.

ಇಷ್ಟಾದರೂ ಈ ಶಾಲೆಗಳಲ್ಲಿ ಪ್ರಕಾಶನದ ಪಾಠವಿರಲಿಲ್ಲ. ಕುಶಲತೆಯೊಂದೇ ಅವರ ಗುರಿ. ವಾರನ್ ವಿಲ್ಸನ್‌ನಲ್ಲಿ ಪದವಿ ಪಡೆಯಬೇಕಾದವನು ತನ್ನ ಕೃತಿಯ ಜೊತೆಗೆ ದೀರ್ಘ ವಿಮರ್ಶಾ ಪ್ರಬಂಧ ಬರೆದು, ಒಂದು ತರಗತಿಯನ್ನೂ ತಾನೇ ನಡೆಸಬೇಕು. ಕರಾರುಪತ್ರವನ್ನು ಓದುವುದು ಹೇಗೆಂದು ಬಲ್ಲವನಾಗಬೇಕಾಗಿರಲಿಲ್ಲ. ಮಾರುಕಟ್ಟೆಯ ಮಾತು ಬಂದರೆ ಕಾವ್ಯ ಮೈಲಿಗೆಯಾಗುತ್ತದೆಂಬ ಭಾವನೆ ಗುರುಗಳಲ್ಲಿತ್ತು. ಆ ಸಂಕೋಚವನ್ನು ನಾವು ಪೂರ್ತಿ ತಳ್ಳಿಹಾಕಲಾರೆವು. ಎರಡು ವರ್ಷವಾದರೂ ಬೆಲೆಪಟ್ಟಿಯನ್ನು ಮರೆತು ಬರೆಯುವ ಭಾಗ್ಯ ಲೇಖಕನಿಗೆ ದೊರೆಯಲಿ ಎಂಬುದರಲ್ಲಿ ಒಂದು ಔದಾರ್ಯವಿದೆ. ಆದರೆ ಅದರ ಹಿಂದೆ ಇನ್ನೊಂದು ಕಾರಣವೂ ಇತ್ತು. ಪ್ರಕಾಶನವನ್ನು ಕಲಿಸುವ ಮನೆಯೇ ಬೇರೆ ಇತ್ತು. ಮ್ಯಾಸಚೂಸೆಟ್ಸ್‌ನ ರ‍್ಯಾಡ್‌ಕ್ಲಿಫ್ ಕಾಲೇಜು 1947ರಲ್ಲಿಯೇ ಆರು ವಾರಗಳ ಬೇಸಗೆಯ ಪ್ರಕಾಶನ ಶಿಕ್ಷಣವನ್ನು ಆರಂಭಿಸಿತ್ತು. ಅಲ್ಲಿ ತರಬೇತಾದವರು ನ್ಯೂಯಾರ್ಕಿನ ಪುಸ್ತಕ ಮತ್ತು ಪತ್ರಿಕಾಲಯಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದರು. 2001ರಲ್ಲಿ ಅದು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸ್ಥಳಾಂತರವಾಯಿತು. ಬರೆಯುವವನಿಗೆ ಒಂದು ಶಾಲೆ, ಅಚ್ಚು ಹಾಕಿಸುವವನಿಗೆ ಇನ್ನೊಂದು. ಒಬ್ಬರ ಪಾಠ ಇನ್ನೊಬ್ಬರಿಗೆ ತಿಳಿಯದು. ಮುಂದೆ ಇವರಿಬ್ಬರೂ ಎದುರಾಗುವುದು ಕರಾರಿಗೆ ಸಹಿ ಹಾಕುವ ಮೇಜಿನ ಮುಂದೆ. ಆಗ ಯಾರ ಕೈ ಮೇಲಾಗುವುದೆಂದು ಹೇಳಬೇಕಾಗಿಲ್ಲ.

ನಮ್ಮಲ್ಲಾದರೋ ಲೇಖಕನಿಗೆ ಈ ಅಜ್ಞಾನದ ಸೌಕರ್ಯವೇ ಇರಲಿಲ್ಲ. ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿದರು, ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯವನ್ನಿಟ್ಟು ಅಚ್ಚಿನ ಕೆಲಸದಲ್ಲಿ ಕೈ ಸುಟ್ಟುಕೊಂಡರು, ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿ, ತಾವೂ ನಾಟಕ ಬರೆದು, ಇತರರನ್ನೂ ಬೆಳೆಸಿದರು. ಯಾವ ಶಾಲೆಯೂ ಅವರಿಗೆ ಇದನ್ನು ಹೇಳಿಕೊಡಲಿಲ್ಲ. ಅದಿರಲಿ.

ಅಮೆರಿಕೆಯಲ್ಲಿ ಮೌನ ಮುರಿದದ್ದು ಈ ಶತಮಾನದಲ್ಲಿ. ಬೆನಿಂಗ್ಟನ್ ಕಾಲೇಜು 1994ರಲ್ಲಿ, ಲೂಯಿವಿಲ್‌ನ ಸ್ಪಾಲ್ಡಿಂಗ್ 2001ರಲ್ಲಿ, ಮೇಯ್ನ್ ಸಂಸ್ಥಾನದ ಸ್ಟೋನ್‌ಕೋಸ್ಟ್ 2002ರಲ್ಲಿ, ಹೀಗೆ ಅಲ್ಪವಾಸದ ಶಾಲೆಗಳು ಒಂದರ ಹಿಂದೊಂದು ಹುಟ್ಟಿದುವು. ವಿದ್ಯಾರ್ಥಿಗಳು ಹೆಚ್ಚಿದರು, ಜೊತೆಗೆ ಅವರ ಸಾಲವೂ. ಇಲ್ಲೊಂದು ಸೂಕ್ಷ್ಮವಿದೆ. ಅಯೋವಾದಂಥ ಪೂರ್ಣವಾಸದ ಶಾಲೆಯಲ್ಲಿ ವಿದ್ಯಾರ್ಥಿ ಕೆಳತರಗತಿಗಳಿಗೆ ಪಾಠ ಹೇಳಿ ತನ್ನ ಖರ್ಚನ್ನು ತೂಗಿಸಿಕೊಳ್ಳಬಹುದು. ಊರಿನಲ್ಲೇ ಇರದವನಿಗೆ ಆ ಕೆಲಸ ಎಲ್ಲಿಂದ ಬರಬೇಕು? ಅವನು ಕೈಯಿಂದ ಕೊಡಬೇಕು, ಇಲ್ಲವೇ ಸಾಲ ಮಾಡಬೇಕು. ಪದವಿ ಬಂದ ಮೇಲೆ ಅಧ್ಯಾಪಕ ಹುದ್ದೆಯೆಂದರೆ ಒಂದಕ್ಕೆ ನೂರು ಅರ್ಜಿ. ಪದವಿಯನ್ನು ಪಡೆದು ನಾನೇನು ಮಾಡಲಿ ಎಂದು ಕೇಳುವ ಹಕ್ಕು ಅವನಿಗಿತ್ತು. ಕುಶಲತೆಯೊಂದನ್ನೇ ಉತ್ತರವಾಗಿ ಕೊಡುವುದು ಶಾಲೆಗೆ ಕಷ್ಟವಾಗುತ್ತ ಬಂತು. ಇತ್ತ ಪುಸ್ತಕೋದ್ಯಮವೂ ಬದಲಾಯಿತು. ದೊಡ್ಡ ಪ್ರಕಾಶಕರು ಒಬ್ಬರನ್ನೊಬ್ಬರು ನುಂಗಿ ಕೆಲವೇ ಮಂದಿ ಉಳಿದರು. 2007ರಲ್ಲಿ ಕಿಂಡಲ್ ಬಂತು. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ಯಂತ್ರ ಬಂತು. ಲೇಖಕ ತಾನೇ ಪ್ರಕಾಶಕನಾಗುವುದು ಹಟಮಾರಿಗಳ ಸಾಹಸವಾಗಿದ್ದುದು ಸಾಮಾನ್ಯ ಸಂಗತಿಯಾಯಿತು.

ಪೆನ್ಸಿಲ್ವೇನಿಯದ ವಿಲ್ಕ್ಸ್ ವಿಶ್ವವಿದ್ಯಾನಿಲಯದ ಅಲ್ಪವಾಸದ ಶಾಲೆ ಮೊದಲೇ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತ್ತು. ಎಟ್ರುಸ್ಕನ್ ಎಂಬ ಸಣ್ಣ ಸಾಹಿತ್ಯ ಪ್ರಕಾಶನ ಅಲ್ಲಿಯ ಆವರಣದಲ್ಲೇ ಇದ್ದುದರಿಂದ ವಿದ್ಯಾರ್ಥಿಗಳಿಗೆ ಉಮೇದುವಾರಿಕೆಗೆ ದೂರ ಹೋಗಬೇಕಾಗಿರಲಿಲ್ಲ. ಆದರೆ ಪ್ರಕಾಶನವನ್ನೇ ಪದವಿಯ ವಿಷಯವನ್ನಾಗಿ ಮಾಡಿದ್ದು ಕೊಲೊರಾಡೊ ಸಂಸ್ಥಾನದ ಗನಿಸನ್ ಪಟ್ಟಣದ ವೆಸ್ಟರ್ನ್ ಕೊಲೊರಾಡೊ ವಿಶ್ವವಿದ್ಯಾನಿಲಯ. ಸಮುದ್ರಮಟ್ಟಕ್ಕಿಂತ ಸುಮಾರು 7,700 ಅಡಿ ಎತ್ತರದಲ್ಲಿ, ನ್ಯೂಯಾರ್ಕಿನ ಪ್ರಕಾಶಕರ ಬೀದಿಗಳಿಂದ ಬಹುದೂರದಲ್ಲಿರುವ ಊರು ಅದು. ಅಲ್ಲಿಯ ಅಲ್ಪವಾಸದ ಸಾಹಿತ್ಯ ಶಾಲೆಯಲ್ಲಿ 2019ರಲ್ಲಿ ಪ್ರಕಾಶನದ ಸ್ನಾತಕೋತ್ತರ ಪದವಿ ಆರಂಭವಾಯಿತು. ನಡೆಸುವವರು ಕೆವಿನ್ ಜೆ. ಆಂಡರ್ಸನ್, ವೈಜ್ಞಾನಿಕ ಕಾದಂಬರಿಗಳನ್ನು ರಾಶಿರಾಶಿಯಾಗಿ ಬರೆದವರು, ಸ್ವಂತ ಪ್ರಕಾಶನವನ್ನೂ ಇಟ್ಟುಕೊಂಡವರು. ಉಚ್ಚ ಸಾಹಿತ್ಯದ ಮಡಿವಂತರಿಗೆ ಇಂಥವರು ಗುರುವಾಗುವುದು ರುಚಿಸದಿದ್ದೀತು. ಆದರೆ ಈಜು ಕಲಿಸುವವನು ನೀರಿಗಿಳಿದವನಾಗಿರಬೇಕಲ್ಲವೆ?

ಅಲ್ಲಿ ವಿದ್ಯಾರ್ಥಿಗಳು ಮಾಡುವ ಕೆಲಸ ಎರಡು. ಮೊದಲನೆಯದು, ಕೃತಿಸ್ವಾಮ್ಯದ ಅವಧಿ ತೀರಿದ ಹಳೆಯ ಪುಸ್ತಕವೊಂದನ್ನು ಪ್ರತಿಯೊಬ್ಬನೂ ಆರಿಸಿ, ಪಾಠವನ್ನು ತಿದ್ದಿ, ಪುಟ ಕಟ್ಟಿ, ಹೊದಿಕೆ ಮಾಡಿಸಿ, ಮಾರಾಟಕ್ಕೆ ತರುವುದು. ಇದಕ್ಕೆ ಕಾಲವೂ ಅನುಕೂಲವಾಗಿ ಒದಗಿತು. ಅಮೆರಿಕದ 1998ರ ಶಾಸನ ಕೃತಿಸ್ವಾಮ್ಯವನ್ನು 20 ವರ್ಷ ಹಿಗ್ಗಿಸಿದ್ದರಿಂದ ಅಲ್ಲಿ ಹಳೆಯ ಪುಸ್ತಕಗಳು ಸಾರ್ವಜನಿಕರ ಸೊತ್ತಾಗುವುದು ನಿಂತೇಹೋಗಿತ್ತು. 2019ರ ಜನವರಿ 1ರಂದು ಆ ಬಾಗಿಲು ಮತ್ತೆ ತೆರೆದು, 1923ರಲ್ಲಿ ಪ್ರಕಟವಾದ ಕೃತಿಗಳು ಬಂಧಮುಕ್ತವಾದುವು. ಅಂದಿನಿಂದ ವರ್ಷಕ್ಕೊಂದು ವರ್ಷದ ಬೆಳೆ ಕೈಗೆ ಬರುತ್ತಿದೆ.

ಎರಡನೆಯ ಕೆಲಸ ಎಲ್ಲರೂ ಸೇರಿ ಒಂದು ಕಥಾಸಂಕಲನವನ್ನು ತರುವುದು. ಮೊದಲ ತಂಡದ ಸಂಕಲನ 2020ರಲ್ಲಿ ಹೊರಬಂದಿತು. ರಾಕ್ಷಸರು, ಚಲನಚಿತ್ರ, ಗಲಭೆ ಇವೇ ಅದರ ವಸ್ತು. ವಸ್ತುವನ್ನು ಕೇಳಿ ನಗುವವರು ನಗಲಿ, ಕೆಲಸ ಮಾತ್ರ ಹುಡುಗಾಟದ್ದಲ್ಲ. ಕಥೆಗಳನ್ನು ಕಳುಹಿಸಿರೆಂದು ಲೋಕಕ್ಕೆ ಕರೆಕೊಡಬೇಕು. ಬಂದ ಕಥೆಗಳ ರಾಶಿಯನ್ನು ಓದಬೇಕು. ಇಷ್ಟು ಪದಗಳಿಗೆ ಇಷ್ಟು ಸಂಭಾವನೆಯೆಂದು ಲೆಕ್ಕ ಹಾಕಿ, ಕೈಯಲ್ಲಿರುವ ಹಣಕ್ಕೆ ಎಷ್ಟು ಕಥೆ ಹಿಡಿಸೀತೆಂದು ನೋಡಬೇಕು. ಯಾವ ಕಥೆ ಬೇಕು, ಯಾವುದು ಬೇಡ ಎಂದು ವಾದಿಸಬೇಕು. ತನಗೆ ಮೆಚ್ಚಾದ ಕಥೆ ಹಣ ಸಾಲದೆ ಬಿದ್ದುಹೋಗುವುದನ್ನು ಸಹಿಸಬೇಕು. ಕರಾರು ಕಳುಹಿಸಿ, ಕರಡು ತಿದ್ದಿ, ಕಥೆಗಳ ಅನುಕ್ರಮವನ್ನು ಗೊತ್ತುಮಾಡಬೇಕು.

ಇದೆಲ್ಲ ನಡೆಯುತ್ತಿರುವಾಗಲೇ ಮೂಲಮನೆ ಮುಚ್ಚಿತು. 1970ರ ಆದಿಯಲ್ಲಿ 1,900ಕ್ಕೂ ಮೀರಿದ್ದ ಗಾಡರ್ಡ್‌ನ ವಿದ್ಯಾರ್ಥಿಗಳ ಸಂಖ್ಯೆ 220ರ ಆಸುಪಾಸಿಗೆ ಇಳಿದು, 2024ರಲ್ಲಿ ಕಾಲೇಜು ಬಾಗಿಲು ಹಾಕಿತು. ಮಾಂಟ್‌ಪೀಲಿಯರ್‌ನ ಕವಲೂ ಅದಕ್ಕೆ ಮುಂಚೆಯೇ ತನ್ನ ಗುಡ್ಡದ ಮೇಲಿನ ಕಟ್ಟಡಗಳಲ್ಲಿ ವಾಸದ ದಿನಗಳನ್ನು ನಡೆಸುವುದನ್ನು ನಿಲ್ಲಿಸಿತ್ತು. ಅಂಚೆಯ ಕಟ್ಟುಗಳು ವಿದ್ಯುನ್ಮಾನದ ಪತ್ರಗಳಾಗಿ ಬಹುಕಾಲವಾಗಿತ್ತು.

ಗನಿಸನ್ನಿನ ವಿದ್ಯಾರ್ಥಿಗೆ ಕೊನೆಗೆ ಒದಗುವ ಕೆಲಸವೊಂದಿದೆ. ಗಾಡರ್ಡ್‌ನ ಮೊದಲ ತಂಡದವರಾರೂ ಶಾಲೆಯಲ್ಲಿ ಅದನ್ನು ಮಾಡಿದವರಲ್ಲ. ಆರಿಸಿದ ಕಥೆಗಳನ್ನು ಪಕ್ಕಕ್ಕಿಟ್ಟು ಉಳಿದ ರಾಶಿಯ ಮುಂದೆ ಆತ ಕುಳಿತುಕೊಳ್ಳುತ್ತಾನೆ. ತನ್ನ ಕಥೆಗಳಿಗೆ ಎಷ್ಟೋ ಪತ್ರಿಕೆಗಳಿಂದ ಬಂದಿರುವ 'ವಿಷಾದಿಸುತ್ತೇವೆ' ಎಂಬ ಒಕ್ಕಣೆಯನ್ನು ಈಗ ತಾನೇ, ಕಾಣದ ಊರಿನ ಕಾಣದ ಲೇಖಕರಿಗೆ, ಒಬ್ಬೊಬ್ಬರಿಗೂ ಹೆಸರು ಹಾಕಿ ಬರೆಯತೊಡಗುತ್ತಾನೆ.